ಹೇವರ್ಡಿನ ಗೊಬ್ನಿಟ್

೧೯೮೬ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬಸವಂತಪ್ಪನವರು ಮಗನನ್ನು ಡೇಕೇರಿಗೆ ಬಿಡಲು ಬಂದರು. ಒಳಗೆ ಕಾಲಿಡುವ ಮೊದಲೇ, ಇನ್ನು ಮೇಲೆ ಹುಡುಗನನ್ನು ಶಾನ್ ಎಂದು ಕರೆಯಬೇಕು ಎಂದು, ತಮ್ಮ ಮನೆಯಲ್ಲೇ ಡೇಕೇರು ನಡೆಸುವ ಡೆಬಿಗೆ ಹೇಳಿದರು. ನನ್ನ ಮಗಳು ಮೈತ್ರೇಯಿಯನ್ನು ಎತ್ತಿಕೊಂಡು ನಾನು ಅವರ ಹಿಂದೆಯೇ ನಿಂತಿದ್ದೆ.

"ಶಾನ್ ನನ್ನ ಅಣ್ಣನ ಹೆಸರು," ಎಂದರು ಡೆಬಿ.

"ಹೌದಾ?"

"ನಮ್ಮ ಐರ್ಲೆಂಡಲ್ಲಿ ಬರೆಯೋ ರೀತಿ ಬೇರೆ, ಕರೆಯೋದು ಹೀಗೇ. ಇಂಗ್ಲಿಷಿನವರ ಜಾನ್ ನಮ್ಮ ಭಾಷೇಲಿ ಶಾನ್. ಒಳ್ಳೇ ಹೆಸರು. ಆದರೆ ಈ ಹುಡುಗನಿಗೆ ಆಗಲೇ ಒಂದು ಹೆಸರಿದೆಯಲ್ಲ, ಮಿಸ್ಟರ್ ಪಾಟೀಲ್?"

ಹುಡುಗನ ಹೆಸರು ಶರಣಪ್ಪ. ಬಸವಂತಪ್ಪನವರ ತೀರಿಹೋದ ತಂದೆಯ ಹೆಸರು. ಬಸವಂತಪ್ಪನವರು ಬಾಗಲಕೋಟೆಯ ಕಡೆಯವರು, ಸನ್ನಿವೇಲಿನ ಒಂದು ಚಿಪ್ ಕಂಪನಿಯಲ್ಲಿ ಎಂಜಿನಿಯರು. ಅವರ ಹೆಂಡತಿ ನೀಲಾಂಬಿಕಾ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಒಬ್ಬರು ದಕ್ಷಿಣಕ್ಕೆ ಫ್ರೀವೇ ಹಿಡಿಯಬೇಕು, ಇನ್ನೊಬ್ಬರು ಉತ್ತರಕ್ಕೆ ರೈಲು ಹತ್ತಬೇಕು ಎಂದು ನಡುವಿನ ಹೇವರ್ಡಿನಲ್ಲಿ ಮನೆ ಮಾಡಿದ್ದರು. ನಾನು ಅಲ್ಲಿಯೇ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದೆ. ಮೈಸೂರಿನವಳಾದ ನನಗೂ ಅವರಿಗೂ ಪರಿಚಯವಾದದ್ದು ಡೆಬಿಯ ಜಗಲಿಯ ಮೇಲೆ, ಮಕ್ಕಳ ಶೂ ಕಟ್ಟುವಾಗ.

"ಮುಂದಿನ ತಿಂಗಳು ಕಿಂಡರ್‌ಗಾರ್ಟನ್ ಶುರು ಆಗುತ್ತೆ," ಎಂದು ಬಸವಂತಪ್ಪನವರು ವಿವರಿಸತೊಡಗಿದರು. "ನನ್ನ ಹೆಸರು ಹೇಳೋಕೆ ಬರದೆ ಆಫೀಸಲ್ಲಿ ಬಾಸ್ ಅಂತಾರೆ. ಮೀಟಿಂಗಲ್ಲಿ ಯಾರಾದರೂ ಬಾಸ್ ಅಂದರೆ ಎಲ್ಲರೂ ನಗುತ್ತಾರೆ. ಏಳು ವರ್ಷದಿಂದ ಅದೇ ಜೋಕು. ನನ್ನ ಮಗನಿಗೆ ಅದು ಬೇಡ."

"ಸ್ಕೂಲಲ್ಲಿ ನಿಮಗೆ ಬೇಕಾದ ಹಾಗೆ ಬರೆಸಿ. ಹುಡುಗ ನಿಮ್ಮವನು. ಆದರೆ ಈ ಮನೆಯೊಳಗೆ ಅವನು ಶರಣಪ್ಪ."

ಇಂಗ್ಲಿಷ್ ಮಾತಾಡುವವರ ಬಾಯಲ್ಲಿ 'ಣ' ಹೊರಳುವುದು ಅಪರೂಪ, 'ಪ್ಪ' ಎಂಬ ಒತ್ತು ಇನ್ನೂ ಅಪರೂಪ. ಡೆಬಿಯ ಬಾಯಲ್ಲಿ ಎರಡೂ ಸರಿಯಾಗಿ ಬರುತ್ತಿದ್ದವು. ಹೊಸ ಮಗು ಬಂದಾಗ ತಾಯಿಯನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಟೀ ಕೊಟ್ಟು, ಮಗುವಿನ ಹೆಸರನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ನಮ್ಮ ತುಟಿಯನ್ನೇ ನೋಡುತ್ತಿದ್ದರು. ತಮಗೆ ಬರುವ ತನಕ ಬಿಡುತ್ತಿರಲಿಲ್ಲ. ಮೆಕ್ಸಿಕೋದ ಮಗುವಿಗೂ ಫಿಲಿಪೀನ್ಸಿನ ಮಗುವಿಗೂ ಇದೇ ಮರ್ಯಾದೆ. ನಾನು "ಮೈತ್ರಿ ಅಂದರೂ ಸಾಕು" ಎಂದಿದ್ದಕ್ಕೆ, "ನನಗೆ ಸಾಲದು" ಎಂದಿದ್ದರು. ಅವರು ಐರ್ಲೆಂಡಿನವರು ಎಂಬುದು ಗೊತ್ತಿತ್ತು. ಹೆಸರಿನ ವಿಷಯದಲ್ಲಿ ಇಷ್ಟು ಹಟ ಏಕೆ ಎಂಬುದು ಆಮೇಲೆ ತಿಳಿಯಿತು.

ಸೆಪ್ಟೆಂಬರಿನಲ್ಲಿ ಶರಣಪ್ಪ ಶಾನ್ ಆಗಿ ಶಾಲೆಗೆ ಸೇರಿದ. ಮಧ್ಯಾಹ್ನದ ತನಕ ಶಾಲೆ, ಆಮೇಲೆ ಸಂಜೆಯವರೆಗೆ ಡೆಬಿಯ ಮನೆ. ಅದೇ ಹೊತ್ತಿಗೆ ನೀಲಾಂಬಿಕಾರ ತಾಯಿ ಕಾಶವ್ವ ಇಳಕಲ್ಲಿನಿಂದ ಆರು ತಿಂಗಳ ಮಟ್ಟಿಗೆ ಬಂದರು. ಇಳಕಲ್ ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ ಹಾಕಿಕೊಂಡು, ದಿನವೂ ಡೆಬಿಯ ಮನೆಗೆ ಬಂದು ಮಕ್ಕಳ ನಡುವೆ ಕೂರುತ್ತಿದ್ದರು. ಇವರಿಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಇಬ್ಬರೂ ಎದುರುಬದುರು ಕೂತು ಬಟಾಣಿ ಬಿಡಿಸುತ್ತ ಗಂಟೆಗಟ್ಟಲೆ ಮಾತಾಡುವುದನ್ನು ನಾನೇ ಕಂಡಿದ್ದೇನೆ.

ಒಂದು ತಿಂಗಳಾಗಿರಬಹುದು, ಶಾಲೆಯಿಂದ ನೀಲಾಂಬಿಕಾಗೆ ಫೋನು ಬಂತು. ಹುಡುಗ ಜಾಣ, ಚಿತ್ರ ಬರೆಯುತ್ತಾನೆ, ಎಣಿಸುತ್ತಾನೆ. ಆದರೆ ಕರೆದರೆ ತಿರುಗುವುದಿಲ್ಲ. ಕಿವಿಯ ತೊಂದರೆ ಇರಬಹುದೇನೋ, ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಟೀಚರು ಮೃದುವಾಗಿಯೇ ಹೇಳಿದ್ದರು. ದಿನವೂ ಬೇರೆಯವರ ಮಕ್ಕಳಿಗೆ ಧೈರ್ಯ ಹೇಳುವ ನೀಲಾಂಬಿಕಾ ಅವತ್ತು ನನ್ನ ಮುಂದೆ ಅತ್ತುಬಿಟ್ಟರು. "ನಾನs ಡಾಕ್ಟರ್ ರೀ ರಮಾ, ನನ್ನ ಮಗನ ಕಿವಿ ಕೇಳ್ಸಂಗಿಲ್ಲ ಅನ್ನೋದು ನನಗs ಗೊತ್ತಾಗ್ಲಿಲ್ಲೇನು?" ತಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಕಿವಿಯಲ್ಲಿ ಒಂದಿಷ್ಟೂ ದೋಷವಿರಲಿಲ್ಲ. ಆ ವರದಿ ಸಮಾಧಾನವನ್ನೂ ತಂದಿತು, ಇನ್ನೊಂದು ಹೆದರಿಕೆಯನ್ನೂ ತಂದಿತು. ಕಿವಿ ಸರಿಯಿದ್ದರೆ ಮತ್ತೇನು?

ಡೆಬಿ ಇದನ್ನೆಲ್ಲ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಮಕ್ಕಳನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ, ಕೋಟು ತೊಟ್ಟು, ಕಾಶವ್ವನನ್ನು ಕರೆದುಕೊಂಡು ಶಾಲೆಗೆ ಹೊರಟರು. ಮಾತು ತಿಳಿಸಲು ನಾನೂ ಜೊತೆಗೆ ಹೋದೆ.

ಕಿಂಡರ್‌ಗಾರ್ಟನ್ ಮಕ್ಕಳು ಆಟದ ಬಯಲಿನಲ್ಲಿದ್ದರು. ಶರಣಪ್ಪ ನಮಗೆ ಬೆನ್ನು ಮಾಡಿ ಮರಳಿನಲ್ಲಿ ಕೂತಿದ್ದ. ಟೀಚರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. "ಶಾನ್! ನಿನ್ನ ಅಜ್ಜಿ ಬಂದಿದ್ದಾರೆ!" ಎಂದು ಕೂಗಿದಳು. ಹುಡುಗ ಮರಳು ತುಂಬುತ್ತಲೇ ಇದ್ದ. ಆಕೆ ಮತ್ತೆ ಕರೆದಳು. ಆಮೇಲೆ ನಮ್ಮ ಕಡೆ ತಿರುಗಿ, "ನೋಡಿದಿರಾ? ಇದನ್ನೇ ನಾನು ಹೇಳಿದ್ದು," ಎಂದಳು.

ಡೆಬಿ ಗೇಟಿನ ಹತ್ತಿರವೇ ನಿಂತಿದ್ದರು. ದನಿ ಏರಿಸದೆ, ಮನೆಯೊಳಗೆ ಕರೆಯುವ ಹಾಗೆ, "ಶರಣಪ್ಪ," ಎಂದರು.

ಹುಡುಗ ಸರಕ್ಕನೆ ತಿರುಗಿದ. ಕೈಯಲ್ಲಿದ್ದ ಬಕೆಟ್ಟನ್ನು ಬಿಸಾಡಿ ಓಡಿ ಬಂದು ಅವರ ಕಾಲನ್ನು ತಬ್ಬಿಕೊಂಡ. ಟೀಚರಿನ ಮುಖ ಕೆಂಪಾಯಿತು. "ನನಗೆ ಯಾರೂ ಹೇಳಲೇ ಇಲ್ಲ," ಎಂದಳು. "ನಿನ್ನ ತಪ್ಪಲ್ಲಮ್ಮ," ಎಂದು ಡೆಬಿ ಆಕೆಗೆ ಆ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಆಕೆ ಕಲಿತಳು. ನಾಲ್ಕನೆಯದೋ ಐದನೆಯದೋ ಸಲಕ್ಕೆ ಹುಡುಗನೇ ತಲೆಯೆತ್ತಿ ನಕ್ಕ.

ಕೊನೆಗೆ ಟೀಚರು, "ನಿಮ್ಮ ಹೆಸರು ಡೆಬಿ ಅಲ್ಲವೇ?" ಎಂದು ಕೇಳಿದಳು.

ಡೆಬಿ ಹೌದೆನ್ನಲು ಬಾಯಿ ತೆರೆದರು, ತಡೆದರು. "ಅಲ್ಲ," ಎಂದರು. "ನನ್ನ ಹೆಸರು ಗೊಬ್ನಿಟ್."

ಆ ಹೆಸರನ್ನು ಅಮೆರಿಕಕ್ಕೆ ಬಂದ ಮೇಲೆ ಅಪರಿಚಿತರೊಬ್ಬರಿಗೆ ಅವರು ಹೇಳಿದ್ದು ಅದೇ ಮೊದಲು.

ವಾಪಸು ಬರುವಾಗ ದಾರಿಯುದ್ದಕ್ಕೂ ಅವರೇ ಮಾತಾಡಿದರು. ಹುಟ್ಟಿದ್ದು ೧೯೩೦ರಲ್ಲಿ, ಐರ್ಲೆಂಡಿನ ನೈಋತ್ಯದ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ. ಮನೆಮಾತು ಅಲ್ಲಿಯ ಹಳೆಯ ಭಾಷೆಯಾದ ಗೇಲಿಕ್. ಆ ಸೀಮೆಯಲ್ಲಿ ಬಹಳ ಹಿಂದೆ ಗೊಬ್ನಿಟ್ ಎಂಬ ಸಂತಳಿದ್ದಳಂತೆ. ಜೇನು ಸಾಕುತ್ತಿದ್ದಳು. ಕಳ್ಳರು ದನ ಹೊಡೆದುಕೊಂಡು ಹೋಗಲು ಬಂದಾಗ ಗೂಡು ತೆರೆದು ಜೇನ್ನೊಣಗಳನ್ನು ಅವರ ಮೇಲೆ ಬಿಟ್ಟಳು ಎಂದು ಕಥೆ. ಅವಳ ಹೆಸರು ಅಲ್ಲಿ ಮನೆಮನೆಯಲ್ಲೂ ಇತ್ತು. ತಾಯಿ ಗೊಬ್ನಿಟ್, ಅಜ್ಜಿ ಗೊಬ್ನಿಟ್, ಎದುರು ಮನೆಯ ಹುಡುಗಿಯೂ ಗೊಬ್ನಿಟ್. ಕೆಲವರು ಗೊಬ್ನತ್ ಎನ್ನುವರು, ಇಂಗ್ಲಿಷಿನಲ್ಲಿ ಬರೆಯುವವರು ಗಾಬಿನೆಟ್ ಎಂದೂ ಬರೆಯುವರು.

ತೊಂದರೆ ಶುರುವಾಗುವುದು ಇಂಗ್ಲಿಷಿನಲ್ಲಿಯೇ. ಇಂಗ್ಲಿಷರು ಆಳುತ್ತಿದ್ದ ಕಾಲದಿಂದ ಗೇಲಿಕ್ ಹೆಸರುಗಳಿಗೆಲ್ಲ ಒಂದೊಂದು ಇಂಗ್ಲಿಷ್ ಹೆಸರನ್ನು ಜೋಡಿಸುವ ರೂಢಿ ಬೆಳೆದಿತ್ತು. ಗೊಬ್ನಿಟ್‌ಗೆ ಹೊಂದುವುದು ಯಾವುದೂ ಸಿಗದೆ, ಎಲ್ಲಿಂದಲೋ ಅಬಿಗೇಲ್ ತಂದರು. ಇವೆರಡಕ್ಕೂ ಸಂಬಂಧವೇ ಇಲ್ಲ. ಇನ್ನು ಕೆಲವರು ಡೆಬೊರಾ ಎಂದರು. ಹೀಬ್ರೂ ಭಾಷೆಯಲ್ಲಿ ಆ ಮಾತಿಗೆ ಜೇನ್ನೊಣ ಎಂಬ ಅರ್ಥವಿದೆ, ಸಂತಳು ಜೇನು ಸಾಕಿದವಳು, ಅಷ್ಟೇ ನಂಟು. ಹೀಗೆ ಹುಟ್ಟಿದಾಗ ಸರ್ಕಾರದವರು ಬರೆದುಕೊಂಡ ಹೆಸರು ಅಬಿಗೇಲ್. ಪೇಟೆಗೆ ಹೋದರೆ ಅಬ್ಬಿ. ಮನೆಯಲ್ಲಿ ಮಾತ್ರ ಗೊಬ್ನಿಟ್.

ಇಪ್ಪತ್ತನೆಯ ವಯಸ್ಸಿಗೆ ಒಬ್ಬರೇ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಶ್ರೀಮಂತರ ಮನೆಯಲ್ಲಿ ಕೆಲಸ ಸಿಕ್ಕಿತು. ಹೆಸರು ಅಬಿಗೇಲ್ ಎಂದ ಕೂಡಲೇ ಮನೆಯೊಡತಿ ಬಿದ್ದು ಬಿದ್ದು ನಕ್ಕಳು. ಹಳೆಯ ಇಂಗ್ಲಿಷಿನಲ್ಲಿ ದೊಡ್ಡಮನೆಯ ಹೆಂಗಸಿನ ಸೇವಕಿಗೆ ಅಬಿಗೇಲ್ ಎಂದೇ ಕರೆಯುತ್ತಿದ್ದರಂತೆ. ಊಟಕ್ಕೆ ಬಂದವರಿಗೆಲ್ಲ ಇವರನ್ನು ತೋರಿಸಿ, "ನಮ್ಮ ಅಬಿಗೇಲ್‌ಳ ಹೆಸರೂ ಅಬಿಗೇಲ್!" ಎಂದು ನಗಿಸುವಳು. ಒಂದು ವರ್ಷ ಸಹಿಸಿ, ಆ ಮನೆ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರುವಾಗ ತಮ್ಮ ಹೆಸರು ಡೆಬೊರಾ ಎಂದು ಹೇಳಿದರು. ಅಮೆರಿಕನ್ನರು ಅದನ್ನು ಡೆಬಿ ಮಾಡಿದರು.

"ಆಗಲೇ ಗೊಬ್ನಿಟ್ ಅಂತ ಹೇಳಬಹುದಿತ್ತಲ್ಲ?" ಎಂದೆ.

"ಅಬಿಗೇಲ್‌ಗೇ ಅಷ್ಟು ನಕ್ಕವರು ಗೊಬ್ನಿಟ್‌ಗೆ ಎಷ್ಟು ನಕ್ಕಾರು ಅಂತ ಹೆದರಿದೆ. ಅಮ್ಮನ ಹೆಸರೂ ಅದೇ ಅಲ್ಲವೇ? ಅದನ್ನ ಅವರ ಊಟದ ಟೇಬಲ್ ಮೇಲೆ ಇಡೋಕೆ ಮನಸ್ಸು ಬರಲಿಲ್ಲ."

ನಾವು ಏನು ಮಾತಾಡುತ್ತಿದ್ದೇವೆ ಎಂದು ಕಾಶವ್ವ ನನ್ನ ಸೆರಗು ಜಗ್ಗುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಮೊದಲ ಪ್ರಶ್ನೆ, "ಆ ಹೆಸರಿಗೆ ಅರ್ಥ ಏನೈತಂತ ಕೇಳವಾ."

ಕೇಳಿದೆ. ಯಾರಿಗೂ ಖಚಿತವಾಗಿ ಗೊತ್ತಿಲ್ಲ ಎಂದರು. ಅವರ ಭಾಷೆಯಲ್ಲಿ ಕಬ್ಬಿಣ ಬಡಿಯುವವನಿಗೆ ಗಬಾ ಎನ್ನುತ್ತಾರಂತೆ. ಅದರಿಂದಲೇ ಈ ಹೆಸರು ಬಂದಿರಬೇಕು, ಕಮ್ಮಾರರ ಪುಟ್ಟ ಹುಡುಗಿ ಎಂಬ ಅರ್ಥವಿರಬೇಕು ಎಂದು ತಿಳಿದವರು ಹೇಳುತ್ತಾರಂತೆ.

ಕಾಶವ್ವ ನಿಂತುಬಿಟ್ಟರು. "ಹಂಗಾರ ಕಮ್ಮಾರವ್ವ ಅಂತ ಅನ್ರಿ! ಇದರಾಗ ನಗೂವಂಥಾದ್ದು ಏನೈತಿ? ನಮ್ಮ ಓಣ್ಯಾಗs ಇದ್ದಳು ಒಬ್ಬಾಕಿ. ಕುಲುಮಿ ಮುಂದ ಕುಂತು ತಿದಿ ಒತ್ತಾಕಿ. ಗಂಡ ಸತ್ತ ಮ್ಯಾಲೆ ತಾನs ಕುಡಗೋಲು ಬಡದು ಮಕ್ಕಳನ್ನ ಸಾಕಿದಳು. ಆಕಿ ಮುಂದ ನಗಾಕ ಯಾರಿಗೆ ಧೈರ್ಯ ಇತ್ತು?"

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಡೆಬಿ ಕಾಶವ್ವನ ಕೈ ಹಿಡಿದುಕೊಂಡರು. ಆಮೇಲೆ ನಾಚಿಕೆಯಿಂದಲೇ ಇನ್ನೊಂದು ಸಂಗತಿ ಹೇಳಿದರು. ಅಜ್ಜಿ ಮುದ್ದಿಗೆ ತಮ್ಮನ್ನು ಗುಬಿ ಎಂದು ಕರೆಯುತ್ತಿದ್ದಳು.

"ಗುಬ್ಬಿ?" ಎಂದರು ಕಾಶವ್ವ. ರಸ್ತೆಬದಿಯ ಬೇಲಿಯ ಮೇಲೆ ಕೂತಿದ್ದ ಎರಡು ಗುಬ್ಬಚ್ಚಿಗಳನ್ನು ತೋರಿಸಿದರು. ಆರಡಿ ಎತ್ತರದ, ಅಗಲ ಭುಜದ ಡೆಬಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಅರ್ಥ ತಿಳಿದ ಮೇಲೆ ಡೆಬಿ ಅವರಿಗಿಂತ ಜೋರಾಗಿ ನಕ್ಕರು. ಅವತ್ತಿನಿಂದ ಕಾಶವ್ವನಿಗೆ ಅವರು ಗುಬ್ಬವ್ವ.

ಸಂಜೆ ಬಸವಂತಪ್ಪನವರು ಬಂದಾಗ ನಡೆದದ್ದನ್ನೆಲ್ಲ ಅವರ ಅತ್ತೆಯೇ ಹೇಳಿದರು. ಅವರು ಶೂ ಬಿಚ್ಚದೆ ಜಗಲಿಯಲ್ಲೇ ಕೂತರು. "ಅಪ್ಪನ ಹೆಸರಿಟ್ಟೆ. ಆಮೇಲೆ ನಾನs ಅದನ್ನ ಮುಚ್ಚಿಡಾಕ ಹ್ವಾದೆ," ಎಂದರು. ಮರುದಿನವೇ ಶಾಲೆಗೆ ಹೋಗಿ ಸರಿಪಡಿಸಿ ಬಂದರು.

ಆದರೆ ತಮ್ಮ ಹೆಸರಿನ ವಿಷಯದಲ್ಲಿ ಅವರು ಮನಸ್ಸು ಬದಲಿಸಲಿಲ್ಲ. ಆ ವರ್ಷ ಅವರೂ ನೀಲಾಂಬಿಕಾರೂ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವವರಿದ್ದರು. "ಪ್ರಮಾಣ ತಗೊಳ್ಳೋವಾಗ ಕೋರ್ಟಲ್ಲೇ ಹೆಸರು ಬದಲಾಯಿಸಿಕೊಳ್ಳಬಹುದು. ನಾನು ಬಸವ್ ಅಂತ ಮಾಡಿಕೊಳ್ತೀನಿ," ಎಂದು ಡೆಬಿಗೆ ಹೇಳಿದರು. ಬೈಗುಳ ಬರುತ್ತದೆಂದು ಕಾದಿದ್ದರೋ ಏನೋ. ಡೆಬಿ ಬೈಯಲಿಲ್ಲ. "ನಿಮ್ಮ ಹೆಸರು ನಿಮ್ಮದು," ಎಂದರು. ಆಮೇಲೆ ಕೇಳಿದರು: "ಹೊಸದು ತಗೊಳ್ಳಬಹುದು ಅಂದರೆ, ಹಳೇದನ್ನ ವಾಪಸ್ ತಗೊಳ್ಳೋಕೂ ಬಿಡ್ತಾರಾ?"

ಮೂವತ್ತಾರು ವರ್ಷ ಈ ದೇಶದಲ್ಲಿದ್ದರೂ ಅವರು ಪೌರತ್ವ ಪಡೆದಿರಲಿಲ್ಲ. ಎಂದೋ ಒಂದು ದಿನ ಊರಿಗೆ ಹಿಂತಿರುಗುವೆನೆಂದು ಮುಂದೂಡುತ್ತಲೇ ಬಂದಿದ್ದರು. ನಡುವೆ ಮ್ಯಾನುಯೆಲ್ ಕೋಸ್ಟಾ ಎಂಬವರ ಕೈಹಿಡಿದು ಹೇವರ್ಡಿಗೆ ಬಂದರು. ಅವರು ಪೋರ್ಚುಗೀಸರ ಮಗ, ಟೊಮೇಟೊ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಮಕ್ಕಳಾಗಲಿಲ್ಲ. ೧೯೭೯ರಲ್ಲಿ ಅವರು ತೀರಿಕೊಂಡ ಮೇಲೆ ಖಾಲಿ ಮನೆಯಲ್ಲಿ ಇರಲಾರದೆ, ಡೇಕೇರಿನ ಲೈಸೆನ್ಸು ಪಡೆದು ಬಾಗಿಲು ತೆರೆದಿದ್ದರು.

ಆ ಮ್ಯಾನುಯೆಲ್ ಅವರ ನೆನಪೇ ಈಗ ಅಡ್ಡ ಬಂತು. ಅರ್ಜಿ ಹಾಕಲು ಹೊರಟವರು ವಾರಗಟ್ಟಲೆ ಸುಮ್ಮನಾದರು. ಒಂದು ಸಂಜೆ ನಾನು ವಿಚಾರಿಸಿದಾಗ ಹೇಳಿದರು: "ಅವರು ನನ್ನನ್ನ ಡೆಬ್ ಅಂತಲೇ ಕರೆದವರು ರಮಾ. ಕೊನೇ ದಿನವೂ ಹಾಗೇ ಕರೆದರು. ಆ ಹೆಸರು ಬಿಟ್ಟರೆ ಅವರ ಧ್ವನೀನೂ ಬಿಟ್ಟ ಹಾಗೆ ಅನ್ನಿಸುತ್ತೆ."

ಕೊನೆಗೆ ದಾರಿ ಅವರೇ ಹುಡುಕಿಕೊಂಡರು. ಗೊಬ್ನಿಟ್ ಡೆಬೊರಾ ಕೋಸ್ಟಾ ಎಂದು ಬರೆಸಿದರು. ಒಂದು ತಾಯಿ ಕೊಟ್ಟದ್ದು, ಒಂದು ಕಷ್ಟದಲ್ಲಿ ತಾವೇ ಆರಿಸಿಕೊಂಡದ್ದು, ಒಂದು ಗಂಡನದ್ದು. "ಅಬಿಗೇಲ್ ಮಾತ್ರ ಹೋಗಲಿ. ಅದನ್ನ ಕೊಟ್ಟವನ ಮುಖ ಕೂಡ ನಾನು ನೋಡಿಲ್ಲ."

೧೯೮೮ರ ವಸಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೋರ್ಟಿನಲ್ಲಿ ಪ್ರಮಾಣವಚನ ಇತ್ತು. ಪಾಟೀಲ್ ದಂಪತಿಗಳದ್ದೂ ಅವತ್ತೇ. ಮೈತ್ರೇಯಿ, ಶರಣಪ್ಪ ಇಬ್ಬರನ್ನೂ ಕರೆದುಕೊಂಡು ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೆಸರು ಬದಲಿಸಿಕೊಳ್ಳುವವರನ್ನು ನ್ಯಾಯಾಧೀಶರು ಒಬ್ಬೊಬ್ಬರನ್ನಾಗಿ ಕರೆದರು. ಹೆಚ್ಚಿನವರು ಉದ್ದದ ಹೆಸರು ಬಿಟ್ಟು ಚಿಕ್ಕದು ತೆಗೆದುಕೊಳ್ಳುವವರು. ಬಸವಂತಪ್ಪನವರು ಎದ್ದು ಬಸವ್ ಆಗಿ ಕೂತರು. ಆಮೇಲೆ ನ್ಯಾಯಾಧೀಶರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, "ಗಾಬ್... ಗಾಬ್‌ನೇಟ್?" ಎಂದು ತಡವರಿಸಿದರು. ಯಾರೋ ಕಿಸಕ್ಕೆಂದರು.

ಡೆಬಿ ಎದ್ದು ನಿಂತರು. "ಗೊಬ್ನಿಟ್, ಯುವರ್ ಆನರ್."

"ಇದನ್ನು ಹೊಸದಾಗಿ ತೆಗೆದುಕೊಳ್ಳುತ್ತಿದ್ದೀರಾ?"

"ಇಲ್ಲ. ಹುಟ್ಟಿದಾಗಿನಿಂದ ನನ್ನ ಹತ್ತಿರವೇ ಇದೆ. ಬರೆಯುವವರು ಸಿಕ್ಕಿರಲಿಲ್ಲ."

ಕೋರ್ಟು ನಕ್ಕಿತು. ಆದರೆ ಅದು ಅವರ ಜೊತೆಗಿನ ನಗು. ನ್ಯಾಯಾಧೀಶರೂ ನಕ್ಕರು, ಆ ಹೆಸರನ್ನು ಇನ್ನೊಮ್ಮೆ ಸರಿಯಾಗಿ ಉಚ್ಚರಿಸಿ ಮಂಜೂರು ಮಾಡಿದರು. ಅವರು ಕೂತ ಮೇಲೆ ಆ ಅಗಲವಾದ ಭುಜಗಳು ಅಲುಗಾಡುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ನೀಲಾಂಬಿಕಾ ತಮ್ಮ ಕರವಸ್ತ್ರ ಕೊಟ್ಟರು.

ರೈಲಿನಲ್ಲಿ ಹಿಂತಿರುಗುವಾಗ ಬಸವಂತಪ್ಪನವರು, "ನಾನು ಕಮ್ಮಿ ಮಾಡಿಕೊಂಡೆ, ನೀವು ಜಾಸ್ತಿ ಮಾಡಿಕೊಂಡಿರಿ," ಎಂದು ತಮಾಷೆ ಮಾಡಿದರು. ಅವರು ಹಾಗೆ ಮಾಡಿಕೊಂಡದ್ದಕ್ಕೆ ಮುಂದೆಯೂ ಪಶ್ಚಾತ್ತಾಪ ಪಡಲಿಲ್ಲ. ನಮ್ಮವರಲ್ಲಿ ಕೆಲವರು ಅದಕ್ಕೆ ಅವರನ್ನು ಆಡಿಕೊಂಡಾಗ ಜಗಳಕ್ಕೆ ನಿಂತವರು ಗೊಬ್ನಿಟ್ ಅವರೇ. "ಬೇಕು ಅಂತ ಬದಲಾಯಿಸಿಕೊಳ್ಳೋದು ಬೇರೆ, ಬಲವಂತಕ್ಕೆ ಬಿಡೋದು ಬೇರೆ," ಎನ್ನುತ್ತಿದ್ದರು.

ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಒಂದು ವರ್ಷ ಅವರಿಗೆ ಹೆಸರು ಹೇಳುವುದೇ ಕೆಲಸವಾಯಿತು. ಯಾರಾದರೂ ನಗುವರೆಂಬ ಮೊದಲಿನ ಹೆದರಿಕೆ ಇರಲಿಲ್ಲ. ಕೇಳಿದವರಿಗೆ ಕಳ್ಳರ ಕಥೆಯನ್ನೂ ಜೇನಿನ ಕಥೆಯನ್ನೂ ಹೇಳುವರು. ನಾಲಗೆ ಹೊರಳದವರು ಡೆಬಿ ಎಂದರೆ ಅದಕ್ಕೂ ಓಗೊಡುವರು. ಮಕ್ಕಳಿಗೆ ಮಾತ್ರ ಏನೂ ಕಷ್ಟವಾಗಲಿಲ್ಲ. ಅವರು ಒಂದೇ ಬೆಳಿಗ್ಗೆಯಲ್ಲಿ ಕಲಿತರು.

೧೯೮೯ರ ಫೆಬ್ರವರಿಯಲ್ಲಿ ಎರಡು ವಾರ ಡೇಕೇರು ಮುಚ್ಚಿ ಊರಿಗೆ ಹೋಗಿ ಬಂದರು. ತಾಯಿ ತೀರಿಕೊಂಡ ಮೇಲೆ ಅದೇ ಮೊದಲ ಸಲ. ಫೆಬ್ರವರಿ ಹನ್ನೊಂದು ಸಂತಳ ಹಬ್ಬ. ಅಲ್ಲಿಯ ಚರ್ಚಿನಲ್ಲಿ ಅವಳದೊಂದು ಹಳೆಯ ಮರದ ವಿಗ್ರಹವಿದೆ. ಜನ ರಿಬ್ಬನ್ನು ತಂದು ಆ ವಿಗ್ರಹದ ಉದ್ದಕ್ಕೆ ಅಳೆದು ಮನೆಗೆ ಒಯ್ಯುತ್ತಾರೆ. ಕಾಯಿಲೆ ಬಿದ್ದವರಿಗೂ ಬಸುರಿಯರಿಗೂ ಒಳ್ಳೆಯದೆಂದು ನಂಬಿಕೆ. ಇವರೂ ಸಾಲಿನಲ್ಲಿ ನಿಂತು ಬಣ್ಣಬಣ್ಣದ ರಿಬ್ಬನ್ನುಗಳನ್ನು ಅಳೆದುಕೊಂಡರು. ಹೊರಗೆ ಬಾವಿಯ ಹತ್ತಿರ ಒಬ್ಬ ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದ ಸಂತೆಗೆ ಹೋಗಿ ಬಂದವರನ್ನು ಕೇಳುವಂತೆ, "ಗೊಬ್ನಿಟ್, ಎಲ್ಲಿಗೆ ಹೋಗಿದ್ದೆ?" ಎಂದು ಗೇಲಿಕ್‌ನಲ್ಲಿ ಕೇಳಿದಳಂತೆ. ಎದುರು ಮನೆಯ ಹುಡುಗಿ, ಅದೇ ಹೆಸರಿನವಳು.

"ನೀವು ಏನಂದಿರಿ?" ಎಂದು ಕೇಳಿದೆ.

"ಹೇವರ್ಡಿಗೆ ಅಂದೆ. ಇನ್ನೇನು ಅನ್ನಲಿ? ಆಮೇಲೆ ಇಬ್ಬರೂ ಆ ಬಾವಿಕಟ್ಟೆ ಮೇಲೆ ಕೂತು ಕತ್ತಲಾಗೋ ತನಕ ಮಾತಾಡಿದ್ವಿ."

ಬಂದ ಮರುದಿನವೇ, ಪ್ರಯಾಣದ ಆಯಾಸವನ್ನೂ ಲೆಕ್ಕಿಸದೆ, ಬಾಗಿಲು ತೆರೆದರು. ರಿಬ್ಬನ್ನುಗಳನ್ನು ಕತ್ತರಿಸಿ ಎಲ್ಲ ಮಕ್ಕಳಿಗೂ ಹಂಚಿದರು. ಮೈತ್ರೇಯಿಗೆ ನೀಲಿ ಬಂತು. ಕತ್ತರಿಸದೆ ಉಳಿಸಿದ ಒಂದು ಹಳದಿ ರಿಬ್ಬನ್ನನ್ನು ನೀಲಾಂಬಿಕಾರ ಕೈಗಿತ್ತು, ಇಳಕಲ್ಲಿಗೆ ಕಳಿಸಲು ಹೇಳಿದರು. ಅಲ್ಲಿ ಕಾಶವ್ವನ ಸೊಸೆ ಬಸುರಿಯಾಗಿದ್ದಳು.